ನಾಲ್ಕು ಓಮ್‌ನ ಸ್ಪೀಕರಿಗೆ ಎಂಥಾ ಆಂಪ್ಲಿಫೈಯರ್ ಬೇಕು?

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಮನೆ ಮಣಿಪಾಲದ ಹತ್ರ. ಮಾಳಿಗೆಯಲ್ಲಿ 18 ಅಡಿ ಉದ್ದ, 13 ಅಡಿ ಅಗಲದ ರೂಮು, ಅದನ್ನೇ ಹೋಮ್ ಥಿಯೇಟರ್ ಮಾಡಿದ್ದೇವೆ. ಹಳೆ ಎವಿ ರಿಸೀವರ್ ಉಂಟು, ಆಂಪ್ ಅದರ ಒಳಗೇ ಇರೋದು, ಬಾಕ್ಸಿನ ಮೇಲೆ ಚಾನಲಿಗೆ 150 ವ್ಯಾಟ್ ಅಂತ ಬರೆದಿದೆ, ಹಿಂದುಗಡೆ ಬೇರೆ ಆಂಪ್ ಸೇರಿಸುವ ಪ್ರೀ-ಔಟ್ ಸಹ ಉಂಟು. ಈಗ ಹೊಸದಾಗಿ ಎರಡು ಟವರ್ ಸ್ಪೀಕರ್, ಒಂದು ಸೆಂಟರ್ ತಗೊಂಡೆ. ಮೂರಕ್ಕೂ 4 ಓಮ್, ಸೆನ್ಸಿಟಿವಿಟಿ 2.83 ವೋಲ್ಟಿಗೆ ಒಂದು ಮೀಟರಿನಲ್ಲಿ 87 ಡೆಸಿಬೆಲ್, ಪವರ್ 30ರಿಂದ 200 ವ್ಯಾಟ್ ಅಂತ ಹಾಕಿದ್ದಾರೆ. ಕೂತ್ಕೊಳ್ಳೋದು ಸುಮಾರು ಹನ್ನೊಂದೂವರೆ ಅಡಿ ದೂರದಲ್ಲಿ. 12 ಇಂಚಿನ ಸಬ್‌ವೂಫರ್ ಉಂಟು, ಆದ್ರೆ ಟವರ್ ದೊಡ್ಡದಿದೆ ಅಂತ ರಿಸೀವರಿನಲ್ಲಿ ಲಾರ್ಜ್ ಅಂತಲೇ ಇಟ್ಟಿದ್ದೇನೆ. ಸಿನಿಮಾ ಜಾಸ್ತಿ ನೋಡ್ತೇವೆ, ಅಪ್ಪನಿಗೆ ಯಕ್ಷಗಾನದ ವಿಡಿಯೋ ಬೇಕೇ ಬೇಕು. ವಾಲ್ಯೂಮ್ ಏರಿಸಿದ್ರೆ ಚೆಂಡೆ ಬರುವಾಗ ಕಿವಿಗೆ ಚುಚ್ಚಿದ ಹಾಗೆ ಆಗ್ತದೆ, ಮೊನ್ನೆ ರಿಸೀವರ್ ತನ್ನಷ್ಟಕ್ಕೆ ಆಫ್ ಆಯ್ತು. ಅಂಗಡಿಯವರು 500 ವ್ಯಾಟಿನ ಆಂಪ್ ಹಾಕಿ ಅಂತಾರೆ, ಅಣ್ಣ 200 ದಾಟಿದ್ರೆ ಸ್ಪೀಕರ್ ಸುಟ್ಟು ಹೋಗ್ತದೆ ಅಂತಾನೆ. ಯಾರ ಮಾತು ಕೇಳೋದು?

ಉತ್ತರ: ನಿಮ್ಮ ಚೆಂಡೆಯ ವಿಷಯದಿಂದಲೇ ಶುರು ಮಾಡುವ, ಯಾಕಂದ್ರೆ ವ್ಯಾಟ್ ಅಂದ್ರೆ ಎಂತ ಅಂತ ಅರ್ಥ ಮಾಡ್ಕೊಳ್ಲಿಕ್ಕೆ ಅದಕ್ಕಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ.

ಭಾಗವತರು ಪದ್ಯ ಎಳೆಯುವಾಗ, ಮದ್ದಳೆ ಮೆಲ್ಲ ನುಡೀತಾ ಇರುವಾಗ, ನಿಮ್ಮ ಸ್ಪೀಕರಿಗೆ ಹೋಗೋದು ಒಂದು ವ್ಯಾಟ್ ಇರಬಹುದು, ಅಷ್ಟೇ. ಬಣ್ಣದ ವೇಷದ ಪ್ರವೇಶಕ್ಕೆ ಚೆಂಡೆ ಬಿತ್ತು ಅಂದ್ರೆ ಆ ಪೆಟ್ಟಿನ ತುದಿ ಒಮ್ಮೆಗೇ 20 ಡೆಸಿಬೆಲ್ ಮೇಲೆ ಹಾರಬಹುದು, 20 ಡೆಸಿಬೆಲ್ ಅಂದ್ರೆ 100 ಪಟ್ಟು ಪವರ್. ಅಂದ್ರೆ ಇಷ್ಟು ಹೊತ್ತು ಒಂದು ವ್ಯಾಟಿನಲ್ಲಿ ಆರಾಮಾಗಿದ್ದ ಆಂಪ್ಲಿಫೈಯರ್ ಕಣ್ಣು ಮುಚ್ಚಿ ತೆರೆಯುವುದರೊಳಗೆ 100 ವ್ಯಾಟ್ ಕೊಡ್ಬೇಕು, ಮತ್ತೆ ಇಳೀಬೇಕು, ಮತ್ತೆ ಕೊಡ್ಬೇಕು. ಕೊಡ್ಲಿಕ್ಕೆ ಆಗದಿದ್ರೆ ಅಲೆಯ ತುದಿ ಕತ್ತರಿಸಿ ಹೋಗ್ತದೆ, ಅದಕ್ಕೆ ಕ್ಲಿಪ್ಪಿಂಗ್ ಅಂತಾರೆ. ಕತ್ತರಿಸಿದ ಅಲೆಯಲ್ಲಿ ಮೂಲದಲ್ಲಿ ಇಲ್ಲದ ಹೈ ಫ್ರೀಕ್ವೆನ್ಸಿ ಹುಟ್ಟಿಕೊಳ್ತದೆ, ನಿಮ್ಮ ಕಿವಿಗೆ ಚುಚ್ಚಿದ್ದು ಹೆಚ್ಚಾಗಿ ಅದೇ. ಅದು ಹೋಗಿ ಸೇರೋದು ಸ್ಪೀಕರಿನ ಒಳಗೆ ಹೈ ಫ್ರೀಕ್ವೆನ್ಸಿ ನುಡಿಸುವ ಟ್ವೀಟರಿಗೆ, ಅದರ ಕಾಯಿಲ್ ಎಷ್ಟು ತೆಳು ಅಂದ್ರೆ ಹೀಗೇ ಹೆಚ್ಚು ಹೊತ್ತು ನಡೆದ್ರೆ ಸುಟ್ಟು ಹೋಗುವುದು ಅದೇ ಮೊದಲು. ಹಾಗಾಗಿ ದೊಡ್ಡ ಆಂಪಿಂದ ಸ್ಪೀಕರ್ ಸುಡ್ತದೆ ಅನ್ನುವ ನಿಮ್ಮ ಅಣ್ಣನ ಹೆದರಿಕೆಗೆ ನಾನು ಹೇಳೋದು ಇಷ್ಟೇ, ಸಣ್ಣ ಆಂಪನ್ನು ಹಿಂಡಿ ಹಿಂಡಿ ವಾಲ್ಯೂಮ್ ಏರಿಸಿ ಟ್ವೀಟರ್ ಕಳ್ಕೊಂಡವರನ್ನು ನಾನು ಜಾಸ್ತಿ ನೋಡಿದ್ದೇನೆ. 250 ವ್ಯಾಟಿನ ಆಂಪ್ ಇಟ್ಟ ಮಾತ್ರಕ್ಕೆ ಯಾವಾಗ್ಲೂ 250 ವ್ಯಾಟ್ ಹೋಗೋದಿಲ್ಲ, ಎಷ್ಟು ಹೋಗ್ಬೇಕು ಅಂತ ನಿರ್ಧಾರ ಮಾಡೋದು ವಾಲ್ಯೂಮ್ ತಿರುಗಿಸುವ ನಿಮ್ಮ ಕೈ.

ಈಗ ಆ 87 ಡೆಸಿಬೆಲ್ ಲೆಕ್ಕ, ಅಂದ್ರೆ ಇಂತಿಷ್ಟು ವೋಲ್ಟ್ ಕೊಟ್ರೆ ಸ್ಪೀಕರ್ ಎಷ್ಟು ಜೋರಾಗಿ ನುಡೀತದೆ ಅನ್ನೋದು. ಓಮ್ ಅಂದ್ರೆ ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆ. ಇಲ್ಲಿ ಒಂದು ಸೂಕ್ಷ್ಮ ಉಂಟು, ತುಂಬ ಜನ ಇಲ್ಲಿಯೇ ಎಡವುದು. 2.83 ವೋಲ್ಟ್ ಅಂದ್ರೆ 8 ಓಮ್ ಸ್ಪೀಕರಿಗೆ ಸರಿಯಾಗಿ ಒಂದು ವ್ಯಾಟ್, ಆದ್ರೆ 4 ಓಮ್ ಸ್ಪೀಕರಿಗೆ ಅದೇ ವೋಲ್ಟೇಜಿನಲ್ಲಿ ಎರಡು ವ್ಯಾಟ್ ಆಗ್ತದೆ. ಹಾಗಾಗಿ ನಿಮ್ಮ ಸ್ಪೀಕರ್ ಒಂದು ವ್ಯಾಟಿಗೆ ಕೊಡೋದು ನಿಜವಾಗಿ 84 ಡೆಸಿಬೆಲ್ ಮಾತ್ರ. ಹನ್ನೊಂದೂವರೆ ಅಡಿ ಅಂದ್ರೆ ಮೂರೂವರೆ ಮೀಟರ್, ಅಷ್ಟು ದೂರಕ್ಕೆ ಬಯಲಲ್ಲಾದ್ರೆ 11 ಡೆಸಿಬೆಲ್ ಕಮ್ಮಿ ಆಗ್ತದೆ, ರೂಮಿನ ಗೋಡೆಗಳು ಶಬ್ದವನ್ನು ವಾಪಸ್ ತಳ್ಳುವುದರಿಂದ ಒಂದು 3 ಡೆಸಿಬೆಲ್ ತಿರುಗಿ ಸಿಗ್ತದೆ ಅಂತ ಇಟ್ಕೊಳ್ಳಿ. ಕೂತ ಜಾಗದಲ್ಲಿ ಒಂದು ವ್ಯಾಟಿಗೆ 76. ಪವರ್ ಹತ್ತು ಪಟ್ಟು ಮಾಡಿದ್ರೆ 10 ಡೆಸಿಬೆಲ್, ಎರಡು ಪಟ್ಟು ಮಾಡಿದ್ರೆ ಬರೇ 3 ಡೆಸಿಬೆಲ್ ಏರ್ತದೆ. ಹಾಗಾದ್ರೆ 100 ವ್ಯಾಟಿಗೆ 96, 200ಕ್ಕೆ 99, 400ಕ್ಕೆ 102. ಸಿನಿಮಾ ಮಿಕ್ಸ್ ಮಾಡುವವರ ರೆಫರೆನ್ಸ್ ಲೆವೆಲಿನಲ್ಲಿ ಒಂದೊಂದು ಸ್ಪೀಕರಿನ ಪೀಕ್ 105 ಡೆಸಿಬೆಲ್, ಅಲ್ಲಿಗೆ ಮುಟ್ಲಿಕ್ಕೆ ನಿಮಗೆ ಹತ್ತತ್ರ 800 ವ್ಯಾಟ್ ಬೇಕಾಗ್ತದೆ, ಅಷ್ಟನ್ನು ನಿಮ್ಮ ಸ್ಪೀಕರೂ ತಾಳೋದಿಲ್ಲ, ಕೆಳಗಿನ ಮನೆಯವರೂ ತಾಳೋದಿಲ್ಲ. ಮನೆಯಲ್ಲಿ ಹೆಚ್ಚಿನವರು ರೆಫರೆನ್ಸಿಗಿಂತ 10-15 ಡೆಸಿಬೆಲ್ ಕೆಳಗೇ ನೋಡೋದು, ಅಂದ್ರೆ ಪೀಕ್ 90-95. ಅದಕ್ಕೆ ನಿಜವಾದ, ಗಟ್ಟಿಯಾದ 100 ವ್ಯಾಟ್ ಸಾಕು, ಚೆಂಡೆಗೆ ಅಂತ ಸ್ವಲ್ಪ ಮೇಲೆ ಜಾಗ ಬಿಟ್ರೆ 200.

ನಿಮ್ಮ ರಿಸೀವರಿನಲ್ಲಿ 150 ಉಂಟಲ್ಲ, ಮತ್ತೆ ಯಾಕೆ ಆಫ್ ಆಯ್ತು? ಆ ಬಾಕ್ಸಿನ ಸಣ್ಣ ಅಕ್ಷರ ಓದಿ ನೋಡಿ. 6 ಓಮ್, 1 ಕಿಲೋಹರ್ಟ್ಸ್, ಡಿಸ್ಟಾರ್ಷನ್ (ಶಬ್ದ ಕೆಡುವ ಪ್ರಮಾಣ) 10%, ಒಂದೇ ಚಾನಲ್ ಓಡಿಸಿದಾಗ, ಹೀಗೆಲ್ಲ ಇದ್ರೆ ಆ 150ನ್ನು ಮರೆತುಬಿಡಿ. 8 ಓಮ್, 20ರಿಂದ 20,000 ಹರ್ಟ್ಸ್, ಡಿಸ್ಟಾರ್ಷನ್ 0.1%ಕ್ಕಿಂತ ಕಮ್ಮಿ, ಈ ಷರತ್ತಿನಲ್ಲಿ ಅಳೆದ ಸಂಖ್ಯೆ ಎಲ್ಲಿದೆಯೋ ಅದೇ ನಿಜವಾದ ವ್ಯಾಟ್. ಒಂದು ಕಾಲದಲ್ಲಿ ನಮ್ಮಲ್ಲಿ ಟೇಪ್ ರೆಕಾರ್ಡರಿಗೆಲ್ಲ ಸಾವಿರ ವ್ಯಾಟ್ ಪಿಎಂಪಿಒ (ಬರೇ ತೋರಿಕೆಯ ಪೀಕ್ ಪವರ್) ಅಂತ ಸ್ಟಿಕ್ಕರ್ ಅಂಟಿಸಿ ಮಾರ್ತಿದ್ರು, ನೆನಪುಂಟಾ? ಅಮೆರಿಕದಲ್ಲಿ ಇಂಥದ್ದನ್ನು ತಡೀಲಿಕ್ಕೆ 1974ರಲ್ಲೇ ಅಲ್ಲಿನ ಸರ್ಕಾರಿ ವ್ಯಾಪಾರ ಆಯೋಗ ಎಫ್‌ಟಿಸಿ ನಿಯಮ ಮಾಡಿತ್ತು, 2024ರಲ್ಲಿ ಅದನ್ನು ಇನ್ನೂ ಬಿಗಿ ಮಾಡಿದ್ರು. ಇಲ್ಲಿ ನಾವೇ ಕಣ್ಣು ಬಿಟ್ಟು ಓದ್ಬೇಕು.

ಇನ್ನೊಂದು ಮುಖ್ಯ ಕಾರಣ ಓಮ್. 4 ಓಮ್ ಸ್ಪೀಕರ್ ಅದೇ ವೋಲ್ಟೇಜಿಗೆ 8 ಓಮ್‌ನದ್ದಕ್ಕಿಂತ ಎರಡು ಪಟ್ಟು ಕರೆಂಟ್ ಎಳೀತದೆ, ಅದ್ರಲ್ಲೂ 4 ಓಮ್ ಅನ್ನೋದು ಸರಾಸರಿ ಮಾತು, ಕೆಲವು ಫ್ರೀಕ್ವೆನ್ಸಿಯಲ್ಲಿ ಮೂರರ ಹತ್ರ ಇಳಿಯೋದುಂಟು. ರಿಸೀವರಿನಲ್ಲಿ ಏಳೋ ಒಂಬತ್ತೋ ಚಾನಲಿಗೆ ಒಂದೇ ಟ್ರಾನ್ಸ್‌ಫಾರ್ಮರ್, ಅದಕ್ಕೆ ಅಷ್ಟು ಕರೆಂಟ್ ಕೊಡ್ಲಿಕ್ಕೆ ಆಗೋದಿಲ್ಲ, ಬಿಸಿ ಆಗ್ತದೆ, ಪ್ರೊಟೆಕ್ಷನ್ ಸರ್ಕ್ಯೂಟ್ ಬಂದು ಆಫ್ ಮಾಡ್ತದೆ. ಅದು ಆಫ್ ಆದದ್ದು ಒಳ್ಳೇದೇ ಆಯ್ತು, ಇಲ್ಲದಿದ್ರೆ ಔಟ್‌ಪುಟ್ ಟ್ರಾನ್ಸಿಸ್ಟರ್ ಹೋಗ್ತಿತ್ತು. ಸೆಟ್ಟಿಂಗಿನಲ್ಲಿ 4 ಓಮ್ ಅಂತ ಒಂದು ಆಯ್ಕೆ ಇದ್ರೆ ಅದನ್ನು ಹಾಕಿ ಸಮಸ್ಯೆ ಮುಗೀತು ಅಂತ ಅಂದ್ಕೊಳ್ಬೇಡಿ, ಹೆಚ್ಚಿನ ರಿಸೀವರಿನಲ್ಲಿ ಅದು ಒಳಗಿನ ವೋಲ್ಟೇಜನ್ನು ಇಳಿಸಿ ಪವರನ್ನೇ ಕಮ್ಮಿ ಮಾಡ್ತದೆ.

ಒಂದು ರೂಪಾಯಿ ಖರ್ಚು ಮಾಡುವ ಮೊದಲು ಇವತ್ತೇ ಮಾಡ್ಬೇಕಾದ ಕೆಲಸ ಹೇಳ್ತೇನೆ: ಆ ಲಾರ್ಜ್ ಸೆಟ್ಟಿಂಗನ್ನು ಸ್ಮಾಲ್ ಮಾಡಿ, ಕ್ರಾಸ್‌ಓವರ್, ಅಂದ್ರೆ ಯಾವುದಕ್ಕಿಂತ ಕೆಳಗಿನ ಶಬ್ದ ಸಬ್‌ವೂಫರಿಗೆ ಹೋಗ್ಬೇಕು ಅನ್ನುವ ಗಡಿ, 80 ಹರ್ಟ್ಸಿಗೆ ಇಡಿ. ಟವರ್ ಎಷ್ಟೇ ಎತ್ತರ ಇರ್ಲಿ, ಸ್ಮಾಲ್ ಅಂದ್ರೆ ಅವಮಾನ ಅಲ್ಲ ಮಾರಾಯ್ರೆ. ಪವರನ್ನು ಹೆಚ್ಚು ತಿನ್ನೋದೇ ಬೇಸ್, ಅದನ್ನು ಸಬ್‌ವೂಫರಿಗೆ ಕಳಿಸಿದ್ರೆ ಅದರ ಒಳಗೆ ಅದರದ್ದೇ ಆಂಪ್ ಉಂಟಲ್ಲ, ಅದು ನೋಡಿಕೊಳ್ತದೆ, ರಿಸೀವರಿನ ಉಸಿರು ಅರ್ಧಕ್ಕರ್ಧ ಸಲೀಸಾಗ್ತದೆ. ಹೀಗೆ ಮಾಡಿ ಹದಿನೈದು ದಿನ ನೋಡಿ. ಆಮೇಲೂ ಚೆಂಡೆ ಚುಚ್ಚಿದ್ರೆ ರಿಸೀವರಿನ ಹೊರಗೆ ಬೇರೆಯೇ ಒಂದು ಪವರ್ ಆಂಪ್ ತಗೊಳ್ಳಿ, ನಿಮ್ಮ ಸ್ಪೀಕರ್ ನೋಡಿದ್ರೆ ನೀವು ತಗೊಳ್ಳುವುದೇ ಸರಿ ಅಂತ ನನ್ನ ಅಭಿಪ್ರಾಯ.

ಯಾವುದು ಅಂತ ಕೇಳಿದ್ರೆ, ಮೂರು ಚಾನಲಿನದ್ದು. ಪ್ರೀ-ಔಟಿಂದ ಎಡ, ಬಲ, ಸೆಂಟರ್ ಮೂರನ್ನೂ ಅದಕ್ಕೆ ಕೊಡಿ, ಸರೌಂಡ್ ಸ್ಪೀಕರುಗಳು ರಿಸೀವರಿನಲ್ಲೇ ಇರ್ಲಿ. ಎರಡು ಚಾನಲಿನದ್ದು ಅಗ್ಗಕ್ಕೆ ಸಿಗ್ತದೆ ಅಂತ ಟವರಿಗೆ ಮಾತ್ರ ಹಾಕಬೇಡಿ, ಸಿನಿಮಾದ ಮಾತೆಲ್ಲ ಬರೋದು ಸೆಂಟರಿಂದ, ನಿಮ್ಮ ಸೆಂಟರ್ ಕೂಡ 4 ಓಮ್. ಸ್ಪೆಕ್ ಶೀಟಿನಲ್ಲಿ 4 ಓಮ್‌ಗೆ ಎಷ್ಟು ವ್ಯಾಟ್ ಅಂತ ಸ್ಪಷ್ಟವಾಗಿ ಬರೆದಿರ್ಬೇಕು, ಅದೂ ಮೂರು ಚಾನಲ್ ಒಟ್ಟಿಗೆ ಓಡುವಾಗ. 8 ಓಮ್‌ಗೆ 100-120, 4 ಓಮ್‌ಗೆ 180-200ರ ಹತ್ರ ಏರುವುದಾದ್ರೆ ಒಳಗಿನ ಪವರ್ ಸಪ್ಲೈ ಗಟ್ಟಿ ಉಂಟು ಅಂತ ಅರ್ಥ. 8 ಓಮ್‌ಗೆ ಮಾತ್ರ ಬರೆದು 4ರ ವಿಷಯಕ್ಕೆ ಸುಮ್ಮನಿದ್ರೆ ಅಂಥದ್ದು ಬೇಡವೇ ಬೇಡ. ಅಂಗಡಿಯವರ 500 ವ್ಯಾಟ್ ತಪ್ಪು ಅಂತಲ್ಲ, ಆದ್ರೆ 250ರಿಂದ 500ಕ್ಕೆ ಹೋದ್ರೆ ಸಿಗೋದು 3 ಡೆಸಿಬೆಲ್, ಆ ದುಡ್ಡಲ್ಲಿ ರೂಮಿಗೆ ದಪ್ಪ ಪರದೆ, ನೆಲಕ್ಕೆ ಒಳ್ಳೆ ಕಾರ್ಪೆಟ್ ಹಾಕಿದ್ರೆ ಹೆಚ್ಚು ಲಾಭ. ನಮ್ಮೂರಿನ ಟೈಲ್ಸ್ ನೆಲದ ರೂಮುಗಳಲ್ಲಿ ಅರ್ಧ ಕಿರಿಕಿರಿ ಪ್ರತಿಧ್ವನಿಯದ್ದೇ.

ಆಂಪಿನ ಒಳಗಿನ ಸರ್ಕ್ಯೂಟ್ ಹಳೆ ರೀತಿಯ ಕ್ಲಾಸ್ ಎಬಿಯಾ, ಕಮ್ಮಿ ಬಿಸಿಯಾಗುವ ಕ್ಲಾಸ್ ಡಿಯಾ ಅನ್ನುವ ಜಗಳ ಇನ್ನೂ ನಡೀತಾ ಉಂಟು. ನನ್ನ ಮಾತು ಕೇಳಿದ್ರೆ ಕರಾವಳಿಗೆ ಕ್ಲಾಸ್ ಡಿ. ಎಬಿ ಆಂಪ್ ಎಳೆದ ಕರೆಂಟಿನಲ್ಲಿ ದೊಡ್ಡ ಪಾಲನ್ನು ಬಿಸಿ ಮಾಡಿಯೇ ಕಳೀತದೆ, ಮೇ ತಿಂಗಳ ಸೆಕೆಯಲ್ಲಿ ಮಾಳಿಗೆ ರೂಮಲ್ಲಿ ಅದರ ಪಕ್ಕ ಕೂತು ನೋಡಿ ಗೊತ್ತಾಗ್ತದೆ. ಹೈಪೆಕ್ಸ್, ಪ್ಯೂರಿಫೈ ಕಂಪೆನಿಗಳ ಮಾಡ್ಯೂಲ್ ಹಾಕಿದ ಆಂಪುಗಳು ಬಂದ ಮೇಲೆ ಡಿ ಕ್ಲಾಸಿನ ಶಬ್ದ ಒರಟು ಅನ್ನುವ ಹಳೆ ದೂರಿಗೆ ಅರ್ಥ ಉಳಿದಿಲ್ಲ. ಜಾತ್ರೆಗೆ ಸೌಂಡ್ಸಿನವರು ತರುವ ಸ್ಟೇಜ್ ಆಂಪ್ ಅಗ್ಗಕ್ಕೆ ಸಿಗ್ತದೆ ಅಂತ ಕೆಲವರು ಹೇಳ್ಬಹುದು, ಪವರಿನ ಮಟ್ಟಿಗೆ ಅದು ಸುಳ್ಳಲ್ಲ, ಫ್ಯಾನಿನ ಸದ್ದು ಮಾತ್ರ ರಾತ್ರಿ ಹೊತ್ತು ಮೆಲ್ಲಗಿನ ಸೀನಿನಲ್ಲಿ ಕಿರಿಕಿರಿ ಮಾಡ್ತದೆ.

ವಿದೇಶದಿಂದ ಯಾರಾದ್ರೂ ತರ್ತಾರೆ ಅಂತಿದ್ರೆ 230 ವೋಲ್ಟಿಗೆ ಓಡ್ತದಾ ಅಂತ ಮೊದಲು ನೋಡಿ, ಅಮೆರಿಕದ್ದು ಎಷ್ಟೋ ಸಲ ಬರೇ 120 ವೋಲ್ಟಿನದ್ದಾಗಿರ್ತದೆ. ಗಲ್ಫಿನಿಂದಾದ್ರೆ ಹೆಚ್ಚಾಗಿ ತೊಂದ್ರೆ ಇಲ್ಲ. ಸ್ಪೀಕರ್ ವಯರಿಗೆ ಸಾವಿರಾರು ರೂಪಾಯಿ ಹಾಕ್ಬೇಡಿ, ಎಲೆಕ್ಟ್ರಿಕಲ್ ಅಂಗಡಿಯ 2.5 ಸ್ಕ್ವೇರ್ ಎಂಎಂ ತಾಮ್ರದ ಮಲ್ಟಿಸ್ಟ್ರಾಂಡ್ ವಯರ್ ಸಾಕು, 8 ಮೀಟರ್ ಎಳೆದ್ರೂ ಹೋಗಿ ಬರುವ ರೆಸಿಸ್ಟೆನ್ಸ್ 0.12 ಓಮ್‌ನಷ್ಟು. 1 ಸ್ಕ್ವೇರಿನ ತೆಳು ವಯರಾದ್ರೆ 0.3ರ ಹತ್ರ ಹೋಗ್ತದೆ, 4 ಓಮ್ ಸ್ಪೀಕರಿಗೆ ಅದು ಜಾಸ್ತಿಯೇ. ಆಂಪ್ ಸೇರಿಸಿದ ಮೇಲೆ ರಿಸೀವರಿನ ಮೈಕ್ ಇಟ್ಟು ಕ್ಯಾಲಿಬ್ರೇಷನ್ ಇನ್ನೊಮ್ಮೆ ಮಾಡ್ಲೇಬೇಕು, ಯಾಕಂದ್ರೆ ಹೊಸ ಆಂಪಿನ ಗೇನ್, ಅಂದ್ರೆ ಸಿಗ್ನಲನ್ನು ಎಷ್ಟು ಪಟ್ಟು ಹಿಗ್ಗಿಸ್ತದೆ ಅನ್ನೋದು, ಬೇರೆ, ಮೊದಲಿನ ಲೆವೆಲ್ ತಾಳೆ ಆಗೋದಿಲ್ಲ.

ಪ್ರಶ್ನೆ: ಸುರತ್ಕಲಿನಲ್ಲಿ, ಸಮುದ್ರಕ್ಕೆ ಹತ್ರ ನಮ್ಮ ಮನೆ. ಪವರ್ ಆಂಪ್ ತಂದಾಗಿನಿಂದ ಸ್ಪೀಕರಿನಲ್ಲಿ ಗುಂಯ್ ಅಂತ ಒಂದೇ ಶಬ್ದ. ವಯರಿಂಗಿನವರು ಪ್ಲಗ್ಗಿನ ಅರ್ಥ್ ಪಿನ್ ತೆಗೆದ್ರು, ಶಬ್ದ ನಿಂತಿತು. ಹೀಗೇ ಇಡಬಹುದಾ?

ಉತ್ತರ: ಬೇಡ ಅಕ್ಕಾ, ಇದನ್ನು ಓದಿದ ಕೂಡ್ಲೇ ಆ ಪಿನ್ ವಾಪಸ್ ಹಾಕಿಸಿ, ಅಲ್ಲಿವರೆಗೆ ಆಂಪ್ ಆನ್ ಮಾಡ್ಬೇಡಿ. ಆಂಪಿನ ಒಳಗೆ ಏನಾದ್ರೂ ಸಡಿಲ ಆಗಿ ಕರೆಂಟ್ ಬಾಡಿಗೆ ತಾಗಿದ್ರೆ ಅದನ್ನು ನೆಲಕ್ಕೆ ಇಳಿಸೋದು ಅರ್ಥ್ ಒಂದೇ, ಅದು ಇಲ್ಲದಿದ್ರೆ ಆ ದಾರಿ ಮುಟ್ಟಿದವರ ಮೈ ಮೂಲಕ ಹೋಗ್ತದೆ. ಮನೆಯಲ್ಲಿ ಮಕ್ಕಳು ಇರ್ತಾರೆ.

ಶಬ್ದ ಬರೋದು ಗ್ರೌಂಡ್ ಲೂಪಿಂದ. ನೆಲಕ್ಕೆ ಎರಡು ದಾರಿ ಸಿಕ್ಕಿದಾಗ ಅವುಗಳ ನಡುವೆ 50 ಹರ್ಟ್ಸಿನ ಸಣ್ಣ ಕರೆಂಟ್ ಸುತ್ತು ಹಾಕ್ತದೆ, ಅದೇ ಗುಂಯ್ ಅನ್ನೋದು. ಪರೀಕ್ಷೆ ಸುಲಭ, ಸೆಟ್ ಟಾಪ್ ಬಾಕ್ಸಿಗೆ ಬರುವ ಡಿಶ್ ಅಥವಾ ಕೇಬಲ್ ಟಿವಿಯ ವಯರನ್ನು ಬಿಚ್ಚಿ ನೋಡಿ. ಶಬ್ದ ನಿಂತ್ರೆ ಕಳ್ಳ ಸಿಕ್ಕಿದ ಹಾಗೆ, ಕೇಬಲ್ ಟಿವಿಯದ್ದಾದ್ರೆ ಆ ವಯರಿಗೆ ಐಸೋಲೇಟರ್ ಸಿಗ್ತದೆ, ಡಿಶ್ಶಿಗೆ ಅದು ಆಗೋದಿಲ್ಲ, ಅದೇ ವಯರಿನಲ್ಲಿ ಮೇಲಿನ ಡಿಶ್ಶಿಗೆ ವೋಲ್ಟೇಜ್ ಹೋಗ್ಬೇಕಲ್ಲ, ಅದಕ್ಕೆ ರಿಸೀವರಿಗೂ ಆಂಪಿಗೂ ನಡುವೆ ಆಡಿಯೋ ಐಸೋಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿಸಿ. ನಿಲ್ಲದಿದ್ರೆ ರಿಸೀವರ್, ಆಂಪ್, ಸಬ್ ಎಲ್ಲವನ್ನೂ ಒಂದೇ ಕಡೆಯ ಪಾಯಿಂಟಿಗೆ ತಂದು ಹಾಕಿ. ಅರ್ಥ್ ಗುಂಡಿಯನ್ನೂ ನೋಡಿಸಿ, ನಮ್ಮ ಕಡೆಯ ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ಹೋದ್ರೆ ಅರ್ಥ್ ಸರಿ ಹಿಡಿಯೋದಿಲ್ಲ, ಫೆಬ್ರವರಿಯಿಂದ ಮೇವರೆಗೆ ವಾರಕ್ಕೊಮ್ಮೆ ಒಂದೆರಡು ಕೊಡಪಾನ ನೀರು ಹೊಯ್ಯೋದು ಒಳ್ಳೇದು.

ಸಮುದ್ರದ ಉಪ್ಪುಗಾಳಿಗೆ ತಾಮ್ರದ ವಯರಿನ ತುದಿ ಹಸಿರು ಹಿಡೀತದೆ, ವರ್ಷಕ್ಕೊಮ್ಮೆ ಮಳೆ ಮುಗಿದ ಮೇಲೆ ಅರ್ಧ ಇಂಚು ಕತ್ತರಿಸಿ ಹೊಸದಾಗಿ ಬಿಗೀರಿ. ಮಳೆಗಾಲದಲ್ಲಿ ಎರಡು ಮೂರು ದಿನಕ್ಕೊಮ್ಮೆ ಒಂದು ಗಂಟೆ ಆನ್ ಮಾಡಿ, ಒಳಗಿನ ತೇವ ಆರ್ತದೆ. ಗೋಡೆ ಹಲ್ಲಿಗಳಿಗೆ ಬೆಚ್ಚಗಿನ ಜಾಗ ಬೇಕು, ಗಾಳಿ ಕಿಂಡಿಯಿಂದ ಒಳಗೆ ಹೋಗಿ ಬೋರ್ಡಿನ ಮೇಲೆ ಶಾರ್ಟ್ ಮಾಡಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ, ಆಂಪಿನ ಕಿಂಡಿ ಮುಚ್ಚಬೇಡಿ, ಇಡುವ ಕಪಾಟಿನ ಹಿಂದುಗಡೆಗೆ ಸಣ್ಣ ಕಣ್ಣಿನ ಸ್ಟೀಲ್ ಬಲೆ ಹೊಡೆಸಿ.

ಸಿಡಿಲಿನ ವಿಷಯ ನನ್ನ ಮನೆಯಲ್ಲೇ ಆದದ್ದು ಹೇಳ್ತೇನೆ. ಒಂದು ಏಪ್ರಿಲ್ ಸಂಜೆ ಗುಡುಗು ಕೇಳಿದ ಕೂಡ್ಲೇ ಪ್ಲಗ್ ಎಲ್ಲ ಕಿತ್ತಿಟ್ಟಿದ್ದೆ, ಮೇಲಿನ ಡಿಶ್ಶಿಂದ ಬರುವ ವಯರ್ ಮಾತ್ರ ನೆನಪಾಗ್ಲಿಲ್ಲ. ಸಿಡಿಲು ಬಡಿದದ್ದು ಪಕ್ಕದ ತೆಂಗಿನ ಮರಕ್ಕೆ, ಆದ್ರೆ ಆ ವಯರಿನಲ್ಲಿ ಬಂದದ್ದು ಸೆಟ್ ಟಾಪ್ ಬಾಕ್ಸ್ ದಾಟಿ ಎಚ್‌ಡಿಎಂಐಯಲ್ಲಿ ರಿಸೀವರಿಗೆ ಹೋಗಿ ಮದರ್ ಬೋರ್ಡನ್ನೇ ತಿಂದು ಹಾಕಿತು. ಮೇನ್ ಬೋರ್ಡಿಗೆ ಸರ್ಜ್ ಪ್ರೊಟೆಕ್ಟರ್ ಹಾಕಿಸಿ ಖಂಡಿತ, ಆದ್ರೆ ಗುಡುಗು ಶುರುವಾಗುವ ಮೊದಲೇ ಡಿಶ್ ವಯರ್, ಇಂಟರ್ನೆಟ್ಟಿನ ಲ್ಯಾನ್ ವಯರ್, ಪವರ್ ಪ್ಲಗ್, ಮೂರನ್ನೂ ಕೀಳಬೇಕು. ಗುಡುಗು ಹತ್ರ ಬಂದ ಮೇಲೆ ಮುಟ್ಲಿಕ್ಕೆ ಹೋಗ್ಬೇಡಿ, ಆಂಪ್ ಹೋದ್ರೆ ಹೋಗ್ಲಿ.