ಜನರಿಗೆ ಬೇಡವಾದ ನಾಯಕ ಬೆಂಬಲ ಕೊಟ್ಟರೆ ಅಧ್ಯಕ್ಷೀಯ ಅಭ್ಯರ್ಥಿಗೆ ಲಾಭವೋ ನಷ್ಟವೋ?

ಪಕ್ಷದೊಳಗಿನ ಪೈಪೋಟಿಯಲ್ಲಿ ಲಾಭ, ಅಂತಿಮ ಚುನಾವಣೆಯಲ್ಲಿ ಹೆಚ್ಚಾಗಿ ನಷ್ಟ. ಯಾಕಂದ್ರೆ ಅಂಥ ನಾಯಕನಿಗೂ ಸ್ವಂತ ಪಕ್ಷದಲ್ಲಿ ಅಭಿಮಾನಿಗಳು ಉಳಿದಿರುತ್ತಾರೆ, ಆದರೆ ಅವರು ಹೇಗಿದ್ದರೂ ಪಕ್ಷಕ್ಕೇ ವೋಟು ಹಾಕುವವರು ಅಲ್ವಾ? ಇನ್ನೂ ಮನಸ್ಸು ಮಾಡದವರಿಗೆ ಮಾತ್ರ ‘ಇವನೂ ಅವನ ಹಾಗೇ’ ಅನ್ನಿಸಿಬಿಡುತ್ತದೆ.

2008ರ ಅಮೆರಿಕ ನೋಡಿ. ಇರಾಕ್ ಯುದ್ಧದಿಂದ ಹೆಸರು ಕೆಡಿಸಿಕೊಂಡಿದ್ದ ಅಂದಿನ ಅಧ್ಯಕ್ಷ ಬುಷ್ ಮಾರ್ಚ್‌ನಲ್ಲಿ ಶ್ವೇತಭವನದಲ್ಲೇ ತಮ್ಮ ರಿಪಬ್ಲಿಕನ್ ಪಕ್ಷದ ಅಭ್ಯರ್ಥಿ ಮೆಕೇನ್‌ಗೆ ಬೆಂಬಲ ಘೋಷಿಸಿದರು. ಅಕ್ಟೋಬರ್ ಚರ್ಚೆಯ ಹೊತ್ತಿಗೆ ಮೆಕೇನ್ ‘ನಾನು ಬುಷ್ ಅಲ್ಲ’ ಎಂದು ಬಾಯಿಬಿಟ್ಟು ಹೇಳಬೇಕಾಯಿತು. ಮತದಾನಕ್ಕೆ ಮೂರೇ ದಿನ ಇರುವಾಗ ಉಪಾಧ್ಯಕ್ಷ ಚೇನಿಯೂ ಬೆಂಬಲ ಸಾರಿದರು. ಎದುರಾಳಿ ಅಭ್ಯರ್ಥಿ ಒಬಾಮಾ ಬಿಡ್ತಾರಾ? ಅದೇ ದಿನ ಪ್ರಚಾರ ಸಭೆಯಲ್ಲಿ ನಗುತ್ತಾ ಮೆಕೇನ್‌ಗೆ ಅಭಿನಂದನೆ ಹೇಳಿದರು. ಮೆಕೇನ್ ಸೋತದ್ದು ಇದೊಂದರಿಂದಲ್ಲ, ಆರ್ಥಿಕ ಕುಸಿತದ ಪಾಲು ಜಾಸ್ತಿ.