ಟೆಂಟ್ ಹಾಕಲು ಹೋಗುವಾಗ ಮನೆಯ ರಿಪೇರಿ ಡಬ್ಬದಿಂದ ಏನೇನು ಒಯ್ಯಬೇಕು?

ನಿಮ್ಮ ಪ್ರಶ್ನೆ ಇಷ್ಟು ಅಲ್ವಾ: ಡಿಸೆಂಬರಿನಲ್ಲಿ ನಾಲ್ಕು ಜನ ಗೆಳೆಯರು ಉಡುಪಿ ಕಡೆ ಬರುತ್ತೀರಿ. ಒಂದು ರಾತ್ರಿ ಕಡಲ ಬದಿಯಲ್ಲಿ ಟೆಂಟ್, ಇನ್ನೊಂದು ರಾತ್ರಿ ಘಟ್ಟದ ಬುಡದಲ್ಲಿ ಪರಿಚಯದವರ ಜಾಗದಲ್ಲಿ. ಹೊಸ ಸಾಮಾನಿಗೆ ದುಡ್ಡು ಹಾಕುವ ಮನಸ್ಸಿಲ್ಲ. ಮನೆಯಲ್ಲಿ ಡಕ್ಟ್ ಟೇಪ್, ಎಂ-ಸೀಲ್, ಫೆವಿಕ್ವಿಕ್, ಟೆಫ್ಲಾನ್ ಟೇಪ್, ತಂತಿ, ಮೊಳೆ ಇವೆ. ಇದರಲ್ಲಿ ಯಾವುದು ನಿಜವಾಗಿ ಕೆಲಸಕ್ಕೆ ಬರುತ್ತದೆ?

ಅಂಟಿಸುವ ಸಾಮಾನು ಸ್ವಲ್ಪ ಸಾಕು. ಕಟ್ಟುವ ಸಾಮಾನು ಜಾಸ್ತಿ ತನ್ನಿ. ನಮ್ಮ ಕರಾವಳಿಯಲ್ಲಿ ಡಿಸೆಂಬರಿನಲ್ಲೂ ಗಾಳಿಯಲ್ಲಿ ತೇವ ಇರುತ್ತದೆ, ಕಡಲ ಬದಿಯಾದರೆ ಜೊತೆಗೆ ಉಪ್ಪು, ಹೊಯ್ಗೆ (ಮರಳು). ಬೆಳಗ್ಗೆ ಎದ್ದು ಟೆಂಟಿನ ಬಟ್ಟೆ ಮುಟ್ಟಿದರೆ ಇಬ್ಬನಿಗೆ ಒದ್ದೆಯಾಗಿರುತ್ತದೆ. ಒದ್ದೆ ಬಟ್ಟೆಗೆ, ಹೊಯ್ಗೆ ಮೆತ್ತಿದ ಬಟ್ಟೆಗೆ ಯಾವ ಟೇಪೂ ಹಿಡಿಯುವುದಿಲ್ಲ. ಹಗ್ಗ, ರಬ್ಬರು, ತಂತಿಗೆ ಈ ತಾಪತ್ರಯ ಇಲ್ಲ.

ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವ ಸಾಮಾನು ನಿಮ್ಮ ಪಟ್ಟಿಯಲ್ಲೇ ಇಲ್ಲ: ಸೈಕಲ್ಲಿನ ಹಳೆ ಟ್ಯೂಬು. ಪಂಕ್ಚರ್ ಅಂಗಡಿಯಲ್ಲಿ ಕೇಳಿದರೆ ಸುಮ್ನೆ ಕೊಡುತ್ತಾರೆ. ಅಡ್ಡಕ್ಕೆ ಕತ್ತರಿಸಿದರೆ ಗಟ್ಟಿ ರಬ್ಬರ್ ಬ್ಯಾಂಡುಗಳು, ಉದ್ದಕ್ಕೆ ಸೀಳಿದರೆ ಎರಡು ಬೆರಳು ಅಗಲದ ಪಟ್ಟಿಗಳು. ಎರಡೂ ಬೇಕು.

ಈ ರಬ್ಬರ್ ಪಟ್ಟಿಯ ಬೆಲೆ ಗೊತ್ತಾಗುವುದು ಟೆಂಟಿನ ಕಡ್ಡಿ ಮುರಿದಾಗ. ಕಡಿಮೆ ಬೆಲೆಯ ಟೆಂಟುಗಳಲ್ಲಿ ಹೆಚ್ಚಾಗಿ ಫೈಬರ್ ಗ್ಲಾಸ್ ಕಡ್ಡಿ ಇರುತ್ತದೆ. ಅದು ಪಟ್ಟನೆ ತುಂಡಾಗುವುದಿಲ್ಲ, ಉದ್ದಕ್ಕೆ ಸೀಳಿ ಎಳೆ ಎಳೆಯಾಗಿ ಏಳುತ್ತದೆ. ಬರಿಗೈಯಲ್ಲಿ ಸವರಬೇಡಿ, ಸಿಬಿರು ಚರ್ಮದೊಳಗೆ ಹೋದರೆ ಕಣ್ಣಿಗೂ ಕಾಣುವುದಿಲ್ಲ. ಮೊದಲು ಎದ್ದ ಎಳೆಗಳ ಮೇಲೆ ಎರಡು ಸುತ್ತು ಟೇಪ್ ಹಾಕಿ. ಆಮೇಲೆ ಟೆಂಟಿನ ಒಂದು ಗೂಟವನ್ನೋ ಉದ್ದದ ಮೊಳೆಯನ್ನೋ ಸೀಳಿನ ಪಕ್ಕಕ್ಕೆ ಇಡಿ. ಈಗ ಟ್ಯೂಬಿನ ಪಟ್ಟಿಯನ್ನು ಚೆನ್ನಾಗಿ ಎಳೆದು, ಎಳೆದ ಬಿಗಿ ಬಿಡದೆ, ಒಂದು ಸುತ್ತಿನ ಮೇಲೆ ಅರ್ಧ ಸುತ್ತು ಬರುವ ಹಾಗೆ ಸುತ್ತುತ್ತಾ ಹೋಗಿ. ಕೊನೆಯ ಸುತ್ತಿನ ಕೆಳಗೆ ತುದಿಯನ್ನು ತೂರಿಸಿ ಎಳೆದರೆ ಮುಗಿಯಿತು, ಗಂಟು ಬೇಡ. ರಬ್ಬರು ತನ್ನನ್ನು ತಾನೇ ಅದುಮಿ ಹಿಡಿಯುತ್ತದೆ. ಒದ್ದೆಯಾದರೂ ಹಿಡಿತ ಬಿಡುವುದಿಲ್ಲ. ಬೆಳಗ್ಗೆ ಬಿಚ್ಚಿ ಜೇಬಿಗೆ ಹಾಕಿಕೊಳ್ಳಬಹುದು.

ಶೂವಿನ ಸೋಲು (ಅಡಿಭಾಗ) ಕಿತ್ತು ಬಂದರೂ ಇದೇ ಮದ್ದು. ವರ್ಷಗಟ್ಟಲೆ ಅಟ್ಟದಲ್ಲಿಟ್ಟ ಶೂವನ್ನು ಟ್ರೆಕ್ಕಿಗೆಂದು ಹೊರತೆಗೆಯುವವರು ತುಂಬಾ ಜನ. ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ಕಿನ ಸೋಲು ಗಾಳಿಯ ತೇವಕ್ಕೇ ಒಳಗಿಂದೊಳಗೆ ಹಾಳಾಗುತ್ತದೆ. ನೋಡಲು ಹೊಸದರಂತೆ ಇರುತ್ತದೆ, ನಡೆಯಲು ಶುರುಮಾಡಿದ ಮೇಲೆ ಪುಡಿಯಾಗುತ್ತದೆ. ಆಗ ಫೆವಿಕ್ವಿಕ್ ಹಾಕಿ ಪ್ರಯೋಜನ ಇಲ್ಲ, ಅಂಟು ಹಿಡಿಯಲು ಗಟ್ಟಿ ಜಾಗವೇ ಉಳಿದಿರುವುದಿಲ್ಲ. ಟ್ಯೂಬಿನ ಎರಡು ಬ್ಯಾಂಡುಗಳನ್ನು ಬೆರಳಿನ ಬುಡದ ಹತ್ತಿರ ಒಂದು, ಹಿಮ್ಮಡಿಗಿಂತ ಮುಂದೆ ಒಂದು ಏರಿಸಿದರೆ ನಿಧಾನಕ್ಕೆ ನಡೆದು ರಸ್ತೆಗೆ ಬರಬಹುದು.

ಇನ್ನು ನೆಲದ ವಿಷಯ. ಇಲ್ಲಿ ಎರಡು ತರದ ತೊಂದರೆ. ಹೊಯ್ಗೆಯಲ್ಲಿ ಗೂಟ ನಿಲ್ಲುವುದಿಲ್ಲ. ಪದವಿನ ಮೇಲೆ (ಗುಡ್ಡದ ಮೇಲಿನ ಮಟ್ಟಸ ಹುಲ್ಲುಬಯಲು), ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ನೆಲದಲ್ಲಿ, ಗೂಟ ಇಳಿಯುವುದೇ ಇಲ್ಲ.

ಹೊಯ್ಗೆಗೆ ಖಾಲಿ ಅಕ್ಕಿ ಚೀಲ ಅಥವಾ ಸಿಮೆಂಟ್ ಚೀಲ ತನ್ನಿ. ಅರ್ಧ ಹೊಯ್ಗೆ ತುಂಬಿ, ಬಾಯಿ ಕಟ್ಟಿ, ಚೀಲದ ನಡುವಿಗೆ ಹಗ್ಗ ಬಿಗಿದು, ಮೊಣಕೈ ಆಳದ ಗುಂಡಿಯಲ್ಲಿ ಅಡ್ಡಕ್ಕೆ ಹೂತು ತುಳಿಯಿರಿ. ನಾಲ್ಕೂ ಮೂಲೆಗೆ ಮಾಡಿ. ಹಗಲು ಗಾಳಿ ಕಡಲಿನಿಂದ ಬರುತ್ತದೆ, ರಾತ್ರಿ ನೆಲದ ಕಡೆಯಿಂದ ಬೀಸುತ್ತದೆ. ಸಂಜೆ ನೋಡಿ ಒಂದೇ ಬದಿ ಬಿಗಿದರೆ ನಡುರಾತ್ರಿ ಎದ್ದು ಮತ್ತೆ ಕಟ್ಟಬೇಕಾಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ಉಬ್ಬರ ಜಾಸ್ತಿ, ಕಸಕಡ್ಡಿ ಸಾಲಾಗಿ ಬಿದ್ದಿರುವ ಗೆರೆಗಿಂತ ಸಾಕಷ್ಟು ಮೇಲೆ ಟೆಂಟ್ ಹಾಕಿ. ದಯವಿಟ್ಟು ದಡದಲ್ಲಿರುವ ದೋಣಿಗೆ ಹಗ್ಗ ಕಟ್ಟಬೇಡಿ. ಬೆಳಗಿನ ಜಾವ ಮೀನಿಗೆ ಹೋಗುವವರು ಅದನ್ನು ನೀರಿಗೆ ಇಳಿಸಬೇಕು. ಟೆಂಟ್ ಹಾಕುವ ಮೊದಲು ಅಲ್ಲಿಯವರನ್ನು ಒಂದು ಮಾತು ಕೇಳಿ.

ಮುರಕಲ್ಲಿನ ನೆಲಕ್ಕೆ ನಿಮ್ಮ ಮೊಳೆಗಳು ಸರಿ, ಆದರೆ 6 ಇಂಚಿನವು ಬೇಕು. ಮೊಳೆಗೆ ಒಂದು ವಾಷರ್ ಪೋಣಿಸಿ ಹೊಡೆದರೆ ಹಗ್ಗದ ಕುಣಿಕೆ ತಲೆಯ ಮೇಲಿಂದ ಜಾರುವುದಿಲ್ಲ. ಅಲ್ಯೂಮಿನಿಯಂ ಗೂಟ ಬಾಗುವ ಕಡೆಯಲ್ಲೂ ಇದು ಇಳಿಯುತ್ತದೆ. ಎಲ್ಲ ಮೊಳೆಗೂ ಕೆಂಪು ಇನ್ಸುಲೇಷನ್ ಟೇಪಿನ ಬಾಲ ಕಟ್ಟಿ, ಹೊರಡುವಾಗ ಎಣಿಸಿಕೊಂಡು ತೆಗೆಯಿರಿ. ಆ ಹುಲ್ಲಿನಲ್ಲಿ ದನ ಮೇಯುತ್ತವೆ ಮಾರಾಯ್ರೆ, ಒಂದು ಮೊಳೆ ಉಳಿದರೂ ಅವುಗಳ ಕಾಲಿಗೆ ಅಪಾಯ.

ಮಳೆಗಾಲದಲ್ಲಿ ಕಟ್ಟಿಗೆ ಮುಚ್ಚುವ ನೀಲಿ ಟಾರ್ಪಾಲು ಪರಿಚಯದವರ ಮನೆಯಲ್ಲಿ ಇದ್ದೇ ಇರುತ್ತದೆ, ಕೇಳಿ ಪಡೆಯಿರಿ. ಟೆಂಟಿನ ಮೇಲೆ ಅದನ್ನು ಕಟ್ಟಿದರೆ ಇಬ್ಬನಿ ಟೆಂಟಿಗೆ ತಾಗುವುದಿಲ್ಲ. ಮೂಲೆಯ ಕಣ್ಣು (ಹಗ್ಗ ಕಟ್ಟುವ ಉಂಗುರ) ಕಿತ್ತು ಹೋಗಿದ್ದರೆ ಅಲ್ಲಿ ಒಂದು ನುಣುಪಾದ ಕಲ್ಲನ್ನು ಒಳಗಿಟ್ಟು ಮಡಚಿ, ಕಲ್ಲಿನ ಕುತ್ತಿಗೆಗೆ ಹಗ್ಗ ಬಿಗಿಯಿರಿ. ತೂತು ಮಾಡಬೇಡಿ, ತೂತಿನಿಂದಲೇ ಹರಿಯಲು ಶುರುವಾಗುತ್ತದೆ. ಮಳೆ ಹನಿದರೆ ಮರಕ್ಕೆ ಕಟ್ಟಿದ ಹಗ್ಗದ ಗುಂಟ ನೀರು ಒಳಗೆ ಬರುತ್ತದೆ. ಟಾರ್ಪಾಲಿಗಿಂತ ಒಂದು ಗೇಣು ಹೊರಗೆ ಹಗ್ಗಕ್ಕೆ ಬಟ್ಟೆಯ ಚೂರೊಂದನ್ನು ಜೋತು ಬೀಳುವ ಹಾಗೆ ಕಟ್ಟಿ, ನೀರು ಅಲ್ಲೇ ಕೆಳಗೆ ಇಳಿಯುತ್ತದೆ.

ಡಕ್ಟ್ ಟೇಪಿನ ಇಡೀ ಸುರುಳಿ ಬೇಡ, ನೀರಿನ ಬಾಟಲಿಗೆ ಒಂದಷ್ಟು ಸುತ್ತಿಕೊಂಡರೆ ಸಾಕು. ಟೆಂಟ್ ಹರಿದರೆ ಬಟ್ಟೆ ಪೂರ್ತಿ ಒಣಗಿದ ಮೇಲೆ, ಮಧ್ಯಾಹ್ನದ ಬಿಸಿಲಿನಲ್ಲಿ ಹಚ್ಚಿ. ಟೇಪಿನ ಮೂಲೆಗಳನ್ನು ಕತ್ತರಿಯಿಂದ ದುಂಡಗೆ ಮಾಡಿ, ಚೂಪು ಮೂಲೆ ಬೇಗ ಏಳುತ್ತದೆ. ಒಳಗೆ ಹೊರಗೆ ಎರಡೂ ಕಡೆ ಹಾಕಿ.

ಎಂ-ಸೀಲ್ ಮನೆಯಲ್ಲೇ ಬಳಸಿ. ಎರಡೂ ಉಂಡೆಯನ್ನು ಬಣ್ಣ ಒಂದಾಗುವವರೆಗೆ ನಾದಬೇಕು, ಗಟ್ಟಿಯಾಗಲು ಬಿಡಬೇಕು. ಟಾರ್ಚಿನ ಬಿರುಕು, ಬಕೆಟಿನ ಸೀಳು ಇದ್ದರೆ ಹೊರಡುವ ಹಿಂದಿನ ದಿನ ಮುಗಿಸಿ. ಟೆಫ್ಲಾನ್ ಟೇಪ್ ನೀರಿನ ಕ್ಯಾನಿನ ನಲ್ಲಿ ಸೋರಿದರೆ ಬೇಕು, ತಿರುಪು ಬಿಗಿಯುವ ದಿಕ್ಕಿಗೇ ಸುತ್ತಿ. ಜಿಪ್ ಉಪ್ಪಿಗೆ ಹಿಡಿದುಕೊಂಡರೆ ಸಿಹಿನೀರಿನಲ್ಲಿ ತೊಳೆದು, ಒಣಗಿಸಿ, ಮೇಣದಬತ್ತಿ ಉಜ್ಜಿ. ಫೆವಿಕ್ವಿಕ್ ಬಿಟ್ಟು ಬನ್ನಿ. ಹತ್ತಿ ಬಟ್ಟೆಗೆ ತಾಗಿದರೆ ಅದು ಸುಡುವಷ್ಟು ಬಿಸಿಯಾಗುತ್ತದೆ. ಗಾಯಕ್ಕಂತೂ ಹಾಕಲೇಬೇಡಿ.

ಬೆಂಕಿಯ ಮೇಲೆ ಪಾತ್ರೆ ತೂಗುಹಾಕಲು ಕಾಂಕ್ರೀಟ್ ಕೆಲಸದ ಕಪ್ಪು ಬೈಂಡಿಂಗ್ ವೈರು ಒಳ್ಳೆಯದು, ಮೂರು ಎಳೆ ಹೊಸೆದು ಕಟ್ಟಿ. ಗ್ಯಾಲ್ವನೈಸ್ಡ್ ತಂತಿ ಬೆಂಕಿಗೆ ಬೇಡ, ಸತುವಿನ ಹೊಗೆ ಕೆಟ್ಟದ್ದು. ಕಟ್ಟಿಗೆ ಒದ್ದೆಯಿದ್ದರೆ ಟ್ಯೂಬಿನ ಹೆಬ್ಬೆರಳಿನಷ್ಟು ಚೂರು ಹೊತ್ತಿಸಿ, ನೀರು ಬಿದ್ದರೂ ಉರಿಯುತ್ತದೆ. ಕಪ್ಪು ಹೊಗೆ ಪೂರ್ತಿ ಹೋದ ಮೇಲೆಯೇ ಪಾತ್ರೆ ಇಡಿ. ಕಾಡಿನೊಳಗೆ ಇದ್ಯಾವುದೂ ಬೇಡ. ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ ಟೆಂಟಿಗೂ ಬೆಂಕಿಗೂ ಅವಕಾಶ ಇಲ್ಲ, ಹಾಗಾಗಿ ನೀವು ಪರಿಚಯದವರ ಜಾಗ ಆರಿಸಿದ್ದು ಒಳ್ಳೆಯದೇ ಆಯಿತು.

ಗ್ಯಾಸ್ ಸ್ಟವ್ ಸೋರಿದರೆ ಟೇಪ್, ಎಂ-ಸೀಲ್ ಯಾವುದನ್ನೂ ಹಚ್ಚಬೇಡಿ. ಜೋಡಣೆಗೆ ಸೋಪಿನ ನೀರು ಸವರಿ ನೋಡಿ. ಗುಳ್ಳೆ ಬಂದರೆ ಸಿಲಿಂಡರ್ ಮುಚ್ಚಿ, ಸ್ಟವ್ ಪಕ್ಕಕ್ಕಿಟ್ಟು, ಆ ಹೊತ್ತಿನ ಊಟಕ್ಕೆ ಹೋಟೆಲಿಗೆ ಹೋಗಿ.

ಹಗ್ಗ ಮಾತ್ರ ಊರಿಂದ ಹೊರಬೇಡಿ. ಮಲ್ಪೆಯಲ್ಲಿ ಬಲೆ ಸಾಮಾನಿನ ಅಂಗಡಿಗಳಿವೆ, ನೈಲಾನ್ ಹುರಿ ಬೇಕಾದ ದಪ್ಪಕ್ಕೆ ಸಿಗುತ್ತದೆ. ಟೆಂಟಿಗೆ ಪೆನ್ಸಿಲಿನ ಅರ್ಧ ದಪ್ಪದ್ದು ಸಾಕು.