ಓಟಿಪಿ ಯಾರ ಫೋನಿಗೆ ಹೋಗುತ್ತಿದೆ?

ಗಂಡನ ಮನೆಯ ಹಿಂಸೆ ತಾಳಲಾರದೆ ಹೊರಬಂದವರ ದುಡ್ಡುಕಾಸಿನ ವಿಚಾರವಾಗಿ ಮೈಸೂರು, ಮಂಡ್ಯ ಕಡೆಯ ಓದುಗರು ಬರೆದ ಪತ್ರಗಳಲ್ಲಿ ನಾಲ್ಕನ್ನು ಈ ಸಲ ತೆಗೆದುಕೊಂಡಿದ್ದೇವೆ. ಬರೆದವರ ಹೆಸರು, ಊರು ಬೇಕೆಂದೇ ಬಿಟ್ಟಿದ್ದೇವೆ.

ಪ್ರಶ್ನೆ: ನನ್ನ ತಂಗಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾಳೆ. ಎರಡು ಮಕ್ಕಳನ್ನು ಕರೆದುಕೊಂಡು ತವರಿಗೆ ಬಂದು ಹದಿನೈದು ದಿನವಾಯಿತು. ಸಂಬಳದ ಎಟಿಎಂ ಕಾರ್ಡು ಅವಳ ಗಂಡನ ಜೇಬಿನಲ್ಲೇ ಇದೆ. ಗೃಹಲಕ್ಷ್ಮಿ ದುಡ್ಡೂ ಅದೇ ಖಾತೆಗೆ ಬೀಳುತ್ತದೆ. ಬೇರೆ ಖಾತೆ ಮಾಡಿಸಿದರೆ ಸಾಕೇ?

ಉತ್ತರ: ಸಾಲದು. ಖಾತೆ ಮೂರನೆಯ ಹೆಜ್ಜೆ. ಮೊದಲನೆಯದು ಸಿಮ್, ಓಟಿಪಿ ಬರುವುದು ಅದಕ್ಕೇ ಅಲ್ಲವೇ. ತಂಗಿಯದೇ ಆಧಾರ್, ತಂಗಿಯದೇ ಹೆಬ್ಬೆಟ್ಟು ಕೊಟ್ಟು ಅವರ ಹೆಸರಿನಲ್ಲೇ ಹೊಸ ನಂಬರ್ ತೆಗೆಸಿ. ಅಣ್ಣನ ಹೆಸರಿನ ಸಿಮ್ಮೂ ಬೇಡ. ನಾಳೆ ಅಣ್ಣನ ಜೊತೆ ಮನಸ್ತಾಪವಾದರೆ ಮತ್ತೆ ಇದೇ ಪಾಡು.

ಎರಡನೆಯದು, ಆಧಾರ್ ಸೇವಾ ಕೇಂದ್ರಕ್ಕೆ ಹೋಗಿ ಆ ನಂಬರನ್ನು ಆಧಾರ್‌ಗೆ ಸೇರಿಸುವುದು. ಇದಕ್ಕೆ ಬೇರೆ ದಾಖಲೆ ಬೇಕಿಲ್ಲ, ಬೆರಳು ಅಥವಾ ಕಣ್ಣಿನ ಗುರುತು ಸಾಕು. ಬದಲಾವಣೆ ಕೆಲವೇ ದಿನಗಳಲ್ಲಿ ಆಗುವುದುಂಟು, 30 ದಿನ ಹಿಡಿಯುವುದೂ ಉಂಟು. ಅದು ಮುಗಿಯುವವರೆಗೆ ಆಧಾರ್‌ನಲ್ಲಿ ವಿಳಾಸ ಬದಲಿಸಬೇಡಿ. ಹಳೆಯ ನಂಬರ್ ಗಂಡನ ಕೈಲಿದ್ದರೆ, ಅದಕ್ಕೆ ಬರುವ ಓಟಿಪಿಯಿಂದ ಆತ ಹೊಸ ವಿಳಾಸವಿರುವ ಆಧಾರ್ ಪ್ರತಿಯನ್ನೇ ಇಳಿಸಿಕೊಳ್ಳಬಹುದು. ಅವಸರದಲ್ಲಿ ಬಹಳ ಜನ ಎಡವುವುದು ಇಲ್ಲೇ.

ಇನ್ನು ಖಾತೆ. ಅದೇ ಬ್ಯಾಂಕಿನ ಬೇರೆ ಶಾಖೆಗೆ ಹೋಗಬೇಡಿ. ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ ಒಂದೇ ಗ್ರಾಹಕ ಸಂಖ್ಯೆ. ಅದಕ್ಕೆ ಅಂಟಿಕೊಂಡ ಹಳೆಯ ಮೊಬೈಲ್ ನಂಬರಿಗೇ ಹೊಸ ಖಾತೆಯ ಮೆಸೇಜೂ ಹೋಗಬಹುದು. ಬೇರೆ ಬ್ಯಾಂಕಿನಲ್ಲಿ ಶೂನ್ಯ ಶಿಲ್ಕಿನ ಜನಧನ್ ಖಾತೆ ತೆರೆಯಿರಿ. ಇಲ್ಲವೇ ಅಂಚೆ ಪೇಮೆಂಟ್ಸ್ ಬ್ಯಾಂಕ್ ನೋಡಿ, ಪೋಸ್ಟ್‌ಮ್ಯಾನ್ ಮನೆಗೇ ಬಂದು ಹೆಬ್ಬೆಟ್ಟು ಪಡೆದು ಖಾತೆ ಮಾಡಿಕೊಡುತ್ತಾರೆ. ನಾಮಿನಿ ಕಾಲಂ ಖಾಲಿ ಬಿಡಬೇಡಿ.

ಗೃಹಲಕ್ಷ್ಮಿಯ ₹2,000 ಹೋಗುವುದು ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಖಾತೆಗೆ. ಹೊಸ ಬ್ಯಾಂಕಿನಲ್ಲಿ ‘ಸರ್ಕಾರಿ ಹಣ ಈ ಖಾತೆಗೆ ಬರಲಿ’ ಎಂದು ಆಧಾರ್ ಜೋಡಣೆಯ ಒಪ್ಪಿಗೆ ಪತ್ರವನ್ನು ಪ್ರತ್ಯೇಕವಾಗಿ ಕೊಡಬೇಕು. ಖಾತೆ ತೆರೆಯುವಾಗ ಆಧಾರ್ ಕೊಟ್ಟಿದ್ದೇವಲ್ಲ ಎಂದು ಸುಮ್ಮನಾದರೆ ದುಡ್ಡು ಹಳೆಯ ಖಾತೆಗೇ ಬೀಳುತ್ತಿರುತ್ತದೆ. ರೇಷನ್ ಕಾರ್ಡಿನಲ್ಲಿ ಯಜಮಾನಿ ಅತ್ತೆಯಾಗಿದ್ದರೆ ಮಾತ್ರ ಈ ಹಣ ಸೊಸೆಗೆ ಬರುವುದಿಲ್ಲ.

ಕಾರ್ಖಾನೆಯ ಎಚ್‌ಆರ್‌ಗೆ ಹೊಸ ಪಾಸ್‌ಬುಕ್‌ನ ಮೊದಲ ಪುಟದ ಜೆರಾಕ್ಸ್ ಜೊತೆ ಅರ್ಜಿ ಕೊಡಿ, ಇನ್ನೊಂದು ಪ್ರತಿಯ ಮೇಲೆ ‘ಸ್ವೀಕರಿಸಿದೆ’ ಎಂದು ಸಹಿ, ತಾರೀಕು ಹಾಕಿಸಿಕೊಳ್ಳಿ. ಸಂಬಳದ ಪಟ್ಟಿ ತಯಾರಾದ ಮೇಲೆ ಹೋದರೆ ಒಂದು ತಿಂಗಳ ಸಂಬಳ ಮತ್ತೆ ಹಳೆಯ ಖಾತೆಗೇ. ಆದ್ದರಿಂದ 20ನೇ ತಾರೀಕಿನೊಳಗೆ ಕೊಡುವುದು ಕ್ಷೇಮ. ಹಳೆಯ ಖಾತೆ ತಂಗಿಯೊಬ್ಬರದೇ ಆಗಿದ್ದರೆ ಇವತ್ತೇ ಫೋನ್ ಮಾಡಿ ಎಟಿಎಂ ಕಾರ್ಡ್ ಬ್ಲಾಕ್ ಮಾಡಿಸಿ. ಜಂಟಿ ಖಾತೆಯಾದರೆ ಬ್ಯಾಂಕಿಗೆ ಹೋಗಿ, ಒಬ್ಬರ ಸಹಿಯ ಮೇಲೆ ಹಣ ಕೊಡಬಾರದೆಂದು ಬರೆದುಕೊಡಿ.

ಪಿಎಫ್ ಮರೆಯಬೇಡಿ. ಯುಎಎನ್‌ಗೆ (ಪಿಎಫ್ ಸದಸ್ಯರ ಖಾಯಂ ಸಂಖ್ಯೆ) ಸೇರಿಸಿದ ಮೊಬೈಲ್, ಬ್ಯಾಂಕ್ ಖಾತೆ ಎರಡನ್ನೂ ಬದಲಿಸಿ ಮಕ್ಕಳನ್ನು ನಾಮಿನಿ ಮಾಡಿ. ಗಂಡನನ್ನು ತನ್ನ ಕುಟುಂಬದ ಲೆಕ್ಕದಿಂದ ಕೈಬಿಡಬೇಕೆಂದು ಮಹಿಳಾ ಸದಸ್ಯರು ಪಿಎಫ್ ಆಯುಕ್ತರಿಗೆ ಬರೆದುಕೊಡಲು ಭವಿಷ್ಯ ನಿಧಿ ಯೋಜನೆಯಲ್ಲೇ ಅವಕಾಶವಿದೆ. ಕಾರ್ಖಾನೆಯವರಿಗೇ ಎಷ್ಟೋ ಸಲ ಇದು ಗೊತ್ತಿರುವುದಿಲ್ಲ.

ಪ್ರಶ್ನೆ: ಗಂಡ ಕಬ್ಬು ಬೆಳೆಯುತ್ತಾರೆ, ಹಸು ಇವೆ. ಕೋರ್ಟಿಗೆ ಹೋದರೆ ‘ನನಗೆ ಆದಾಯವೇ ಇಲ್ಲ’ ಅಂತಾರೆ ಎಂದು ಎಲ್ಲರೂ ಹೆದರಿಸುತ್ತಿದ್ದಾರೆ. ನಾನೀಗ ಮೈಸೂರಿನಲ್ಲಿ ತಾಯಿಯ ಜೊತೆ ಇದ್ದೇನೆ. ಕೇಸಿಗೆ ಮಂಡ್ಯಕ್ಕೇ ಹೋಗಬೇಕೇ? ವಕೀಲರಿಗೆ ಕೊಡಲು ದುಡ್ಡಿಲ್ಲ.

ಉತ್ತರ: ಮಂಡ್ಯಕ್ಕೆ ಹೋಗಬೇಕಿಲ್ಲ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಂತೆ ನೀವು ಸದ್ಯಕ್ಕೆ ವಾಸವಿರುವ ಊರಿನ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲೇ ಅರ್ಜಿ ಹಾಕಬಹುದು. ವಕೀಲರ ಖರ್ಚಿಗೆ ಹೆದರಬೇಡಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಈ ಕಾಯ್ದೆಯ ಸಂರಕ್ಷಣಾಧಿಕಾರಿಗಳು ನಮ್ಮಲ್ಲಿ ಸಿಡಿಪಿಒಗಳೇ (ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು). ನಡೆದ ಹಿಂಸೆಯನ್ನು ದಾಖಲಿಸುವ ಕೌಟುಂಬಿಕ ಘಟನಾ ವರದಿಯನ್ನು ಅವರ ಕಚೇರಿಯಲ್ಲಿ ಬರೆಸಿ.

ಆದಾಯ ತೋರಿಸುವ ಕಾಗದ ಹಳ್ಳಿಯಲ್ಲಿ ಸಿಗುವುದಿಲ್ಲ ಎನ್ನುವುದು ತಪ್ಪು. ಗಂಡನ ಹೆಸರಿನ ಪಹಣಿ, ಸಕ್ಕರೆ ಕಾರ್ಖಾನೆಗೆ ಕಬ್ಬು ಹೋದ ತೂಕದ ಚೀಟಿ, ಡೇರಿಗೆ ಹಾಲು ಹಾಕಿದ ಪುಸ್ತಕದಲ್ಲಿ ದಿನಕ್ಕೆಷ್ಟು ಲೀಟರ್ ಎಂಬ ಲೆಕ್ಕ, ಟ್ರ್ಯಾಕ್ಟರ್ ಅಥವಾ ಬೈಕಿನ ಆರ್‌ಸಿ, ಇವುಗಳ ಫೋಟೋ ಸಾಕು, ಶುರು ಮಾಡಬಹುದು. 2020ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಜೀವನಾಂಶದ ಕೇಸಿನಲ್ಲಿ ಇಬ್ಬರೂ ಆಸ್ತಿ, ಆದಾಯ, ಸಾಲದ ಪ್ರಮಾಣಪತ್ರ (ಅಫಿಡವಿಟ್) ಸಲ್ಲಿಸಲೇಬೇಕು. ಅಲ್ಲಿ ಆತ ಸುಳ್ಳು ಬರೆದರೆ ಈ ಫೋಟೋಗಳು ಕೆಲಸಕ್ಕೆ ಬರುತ್ತವೆ. ಜೀವನಾಂಶವೂ ಅರ್ಜಿ ಹಾಕಿದ ದಿನದಿಂದ ಲೆಕ್ಕ, ಆದೇಶವಾದ ದಿನದಿಂದಲ್ಲ. ಹಾಗಾಗಿ ಕಾಗದ ಎಲ್ಲಾ ಸೇರಲಿ ಎಂದು ಆರು ತಿಂಗಳು ಕಾಯುವುದು ಕೈಯಾರೆ ಕಳೆದುಕೊಂಡಂತೆ.

ಅರ್ಜಿಯನ್ನು 60 ದಿನದಲ್ಲಿ ಮುಗಿಸಲು ಪ್ರಯತ್ನಿಸಬೇಕು ಎನ್ನುತ್ತದೆ ಕಾಯ್ದೆ, ನಡೆಯುವುದು ಬೇರೆ. ಮೊದಲ ಅರ್ಜಿಯ ಜೊತೆಗೇ 23ನೇ ಕಲಮಿನಡಿ ಮಧ್ಯಂತರ ಪರಿಹಾರ ಕೇಳಿ. ಆದೇಶದಲ್ಲಿ ಹಣ ನಿಮ್ಮ ಖಾತೆಗೇ ಬರಬೇಕೆಂದು ಬರೆಸಿಕೊಳ್ಳಿ. ನಗದು ಕೊಟ್ಟೆ ಎಂದು ಆತ, ಕೊಟ್ಟಿಲ್ಲ ಎಂದು ನೀವು, ಹೀಗೆ ವಾದಕ್ಕೆ ಬಿದ್ದರೆ ತೋರಿಸಲು ಏನೂ ಇರುವುದಿಲ್ಲ. ಆದೇಶವಾದ ಮೇಲೂ ಕೊಡದಿದ್ದರೆ 20ನೇ ಕಲಮಿನ 6ನೇ ಉಪಕಲಮು ನೆನಪಿಡಿ: ಆತನಿಗೆ ಸಂಬಳ ಕೊಡುವವರು ಅಥವಾ ಹಣ ಕೊಡಬೇಕಿರುವವರು ನೇರವಾಗಿ ನಿಮಗೆ ಕಟ್ಟುವಂತೆ ಕೋರ್ಟು ನಿರ್ದೇಶಿಸಬಹುದು. ಕಬ್ಬಿನ ಬಾಕಿ ಉಳಿಸಿಕೊಂಡ ಕಾರ್ಖಾನೆಯನ್ನೂ ಇದರಡಿ ಹೆಸರಿಸಿ ಕೇಳಿ ನೋಡಬಹುದು.

ಪ್ರಶ್ನೆ: ನನ್ನ ಒಡವೆ ಗಂಡ ಗಿರವಿ ಇಟ್ಟಿದ್ದಾರೆ. ಸಂಘದ ಸಾಲಕ್ಕೆ ನಾನೂ ಸಹಿ ಹಾಕಿದ್ದೆ, ಈಗ ವಸೂಲಿಯವರು ತವರಿಗೇ ಬರುತ್ತಿದ್ದಾರೆ.

ಉತ್ತರ: ಒಡವೆ ನಿಮ್ಮ ಸ್ತ್ರೀಧನ, ಅಂದರೆ ನಿಮ್ಮದೇ ಸ್ವತ್ತು. ಯಾವ ಒಡವೆ, ಎಷ್ಟು ಗ್ರಾಂ, ಯಾರು ಕೊಟ್ಟದ್ದು ಎಂದು ಪಟ್ಟಿ ಮಾಡಿ, ಮದುವೆ ಫೋಟೋ, ಅಂಗಡಿ ರಸೀದಿ ಲಗತ್ತಿಸಿ ಕೋರ್ಟಿನಲ್ಲಿ ವಾಪಸ್ ಕೇಳಬಹುದು. ಅಡ್ಡಿ ಎಲ್ಲಿ ಎಂದರೆ, ಗಿರವಿ ಇಟ್ಟವರು ಗಂಡನಾದರೆ ಹರಾಜಿನ ನೋಟಿಸೂ ಅವರ ವಿಳಾಸಕ್ಕೇ ಹೋಗುತ್ತದೆ, ನಿಮಗೆ ತಿಳಿಯುವಷ್ಟರಲ್ಲಿ ಒಡವೆ ಹೋಗಿರುತ್ತದೆ. ಗಿರವಿ ಚೀಟಿಯ ನಂಬರ್ ಸಿಕ್ಕರೆ ಅರ್ಜಿಯಲ್ಲೇ ಹಾಕಿ.

ಸಾಲದ ವಿಷಯದಲ್ಲಿ ಸುಳ್ಳು ಸಮಾಧಾನ ಹೇಳುವುದಿಲ್ಲ. ಸಹಿ ಹಾಕಿದ್ದರೆ ಬೇರೆಯಾದ ಮಾತ್ರಕ್ಕೆ ಹೊಣೆ ತಪ್ಪದು. ಬಾಕಿ ಎಷ್ಟೆಂದು ಬರವಣಿಗೆಯಲ್ಲಿ ಕೇಳಿ, ಕಂತು ಇಳಿಸಿಕೊಡುವಂತೆ ಅರ್ಜಿ ಕೊಡಿ. ಕಿರುಸಾಲದ (ಮೈಕ್ರೋಫೈನಾನ್ಸ್) ವಸೂಲಿಯವರು ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ಬರುವಂತಿಲ್ಲ, ಫೋನೂ ಮಾಡುವಂತಿಲ್ಲ. ಇದು ರಿಸರ್ವ್ ಬ್ಯಾಂಕಿನ ನಿಯಮ. ಹಾಗೆಯೇ ಒಮ್ಮೆ ನಿಮ್ಮ ಸಿಬಿಲ್ ವರದಿ (ಸಾಲಗಳ ದಾಖಲೆ) ತೆಗೆದು ನೋಡಿ, ವರ್ಷಕ್ಕೊಮ್ಮೆ ಉಚಿತ. ನಿಮಗೇ ಗೊತ್ತಿಲ್ಲದ ಸಾಲ ನಿಮ್ಮ ಹೆಸರಿನಲ್ಲಿ ಇದ್ದರೆ ಅಲ್ಲಿ ಕಾಣುತ್ತದೆ.

ಪ್ರಶ್ನೆ: ಹೆಂಗಸರಿಗೆ ಸಬ್ಸಿಡಿ ಸಾಲ ಕೊಡಿಸುವ ಉದ್ಯೋಗಿನಿ ಯೋಜನೆಯಲ್ಲಿ ಒಂದು ಲಕ್ಷ ತೆಗೆದು ಟೈಲರಿಂಗ್ ಹಾಕು ಅನ್ನುತ್ತಿದ್ದಾರೆ. ಮನೆ ಬಿಟ್ಟು ಎರಡು ತಿಂಗಳಾಗಿದೆ. ಬ್ಲೌಸ್ ಹೊಲಿಯುವುದು ಅಲ್ಪಸ್ವಲ್ಪ ಬರುತ್ತದೆ.

ಉತ್ತರ: ಈಗಲೇ ಬೇಡ. ಸಾಮಾನ್ಯ ವರ್ಗಕ್ಕೆ ಶೇ 30 ಸಬ್ಸಿಡಿ ಎಂದರೆ ₹30,000 ನಿಮ್ಮ ಕೈಗೆ ಕೊಡುವ ದುಡ್ಡಲ್ಲ, ಬ್ಯಾಂಕಿನಲ್ಲಿ ಸಾಲಕ್ಕೆ ಜಮೆಯಾಗುವುದು. ಉಳಿದ ₹70,000ಕ್ಕೆ ಶೇ 12 ಬಡ್ಡಿ, 36 ಕಂತು ಎಂದು ಹಿಡಿದರೂ ತಿಂಗಳಿಗೆ ಸುಮಾರು ₹2,325 ಕಟ್ಟಬೇಕು. ಅಲ್ಪಸ್ವಲ್ಪ ಬರುವ ಹೊಲಿಗೆಯಲ್ಲಿ ಮೊದಲ ತಿಂಗಳುಗಳ ದುಡಿಮೆ ಕೆಟ್ಟ ಬ್ಲೌಸಿನ ಬಟ್ಟೆ ತುಂಬಿಕೊಡುವುದರಲ್ಲೇ ಹೋಗುತ್ತದೆ. ಮೈಸೂರಿನ ರುಡ್‌ಸೆಟ್ ಸಂಸ್ಥೆಯಲ್ಲಿ ಊಟ, ವಸತಿ ಸಹಿತ ಉಚಿತ ಸ್ವಉದ್ಯೋಗ ತರಬೇತಿ ಇದೆ. ಟೈಲರಿಂಗ್ ತಂಡ ಯಾವಾಗ ಶುರು ಎಂದು ಕೇಳಿ ಹೆಸರು ಬರೆಸಿ. ಆಮೇಲೆ ಐದಾರು ತಿಂಗಳು ಬೇರೆಯವರ ಅಂಗಡಿಯಲ್ಲಿ ಪೀಸ್ ಲೆಕ್ಕಕ್ಕೆ ಹೊಲಿಯಿರಿ; ಕೈ ಕುದುರುತ್ತದೆ, ಗಿರಾಕಿಗಳ ಪರಿಚಯವೂ ಆಗುತ್ತದೆ.

ಸ್ವಂತಕ್ಕೆ ಇಳಿದಾಗ ಮಿಷನ್‌ಗಿಂತ ಹೆಚ್ಚು ಕಾಡುವುದು ಲೈನಿಂಗ್ ಬಟ್ಟೆ, ಹುಕ್ಕು, ಫಾಲ್ಸಿಗೆ ಕೈಯಿಂದ ಹಾಕುವ ದುಡ್ಡು. ಬಟ್ಟೆ ಇಸಿದುಕೊಳ್ಳುವಾಗಲೇ ಅರ್ಧ ಮುಂಗಡ ಕೇಳಿ, ಪರಿಚಯದವರ ಹತ್ತಿರವೂ ಕೇಳಿ. ಆಷಾಢದಲ್ಲಿ ಮದುವೆಗಳಿಲ್ಲ, ಬ್ಲೌಸೂ ಇಲ್ಲ, ಆದರೆ ಕಂತಿಗೆ ಆಷಾಢವಿಲ್ಲ. ವೈಶಾಖ, ಜ್ಯೇಷ್ಠದ ಮದುವೆ ಹೊಲಿಗೆಯ ದುಡ್ಡಿನಲ್ಲೇ ಎರಡು ಕಂತನ್ನು ಬೇರೆ ಇಟ್ಟುಬಿಡಿ.